ತಟ್ಟೆ ಬೇರೆ ಇಡಬೇಡಿ

ನಮಸ್ಕಾರ. ಎಲ್ಲರದೂ ಊಟ ಆಯ್ತಾ? ಇವತ್ತು ಊಟದ ತಟ್ಟೆ ಬಗ್ಗೆಯೇ ಮಾತು.

ಕಳೆದ ವಾರ ಎಚ್‌ಐವಿ ಬಗ್ಗೆ ಮಾತಾಡಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ: "ಅಕ್ಕಾ, ನೀವು ಹೇಳಿದ್ದೆಲ್ಲ ಸರಿ. ಆದ್ರೂ ಅಂಥವರಿಗೆ ತಟ್ಟೆ ಲೋಟ ಬೇರೆ ಇಟ್ರೆ ಒಳ್ಳೇದಲ್ವಾ? ಸೇಫ್ಟಿಗೆ." ಅದಕ್ಕೆ ರಾಶಿ ಲೈಕು ಬೇರೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇಡ. ತಟ್ಟೆ ಬೇರೆ ಇಡಬೇಡಿ.

ನನ್ನ ಅತ್ತೆ, ಅಪ್ಪನ ತಂಗಿ. ಅವರಿಗೆ ಎಚ್‌ಐವಿ ಇದೆ ಅಂತ ಗೊತ್ತಾಗಿ ಹದಿನಾಲ್ಕು ವರ್ಷ ಆಯಿತು. ಅವರನ್ನು ಕೇಳಿ, ಅವರು ಹ್ಞೂಂ ಅಂದ ಮೇಲೆಯೇ ಹೇಳುತ್ತಿದ್ದೇನೆ. ಹೆಸರು, ಊರು ಹೇಳಲ್ಲ. ಒಬ್ಬರ ಎಚ್‌ಐವಿ ವಿಷಯ ಅವರ ಒಪ್ಪಿಗೆ ಇಲ್ಲದೆ ಹೊರಗೆ ಹಾಕಬಾರದು ಅಂತ 2017ರಲ್ಲಿ ಕಾನೂನೇ ಬಂದಿದೆ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ.

ನಮ್ಮ ಮನೆಗಳಲ್ಲಿ ಸ್ಟೀಲ್ ಪಾತ್ರೆ ಮೇಲೆ ಹೆಸರು ಕೊರೆಸಿರುತ್ತಾರೆ, ನೋಡಿದ್ದೀರಲ್ವಾ? ಅತ್ತೆಯ ತಟ್ಟೆ ಮೇಲೆ ಹೆಸರಿರಲಿಲ್ಲ. ತಿರುಗಿಸಿದರೆ ತಳದಲ್ಲಿ ಕೆಂಪು ನೇಲ್ ಪಾಲಿಶ್‌ನ ಚುಕ್ಕೆ. ಎಲ್ಲ ತಟ್ಟೆ ಅಡುಗೆಮನೆ ಸ್ಟ್ಯಾಂಡಿನಲ್ಲಿ, ಅದೊಂದು ಹಿತ್ತಲಲ್ಲಿ ಗೋಡೆಗೆ ಒರಗಿಸಿ. ಹಬ್ಬಕ್ಕೆ ಎಲ್ಲರಿಗೂ ಬಾಳೆಲೆ, ಅತ್ತೆಗೆ ಮಾತ್ರ ಅದೇ ತಟ್ಟೆ. ಉಂಡು ಎಸೆಯುವ ಎಲೆ ರೀ ಅದು! ಅದರಲ್ಲೂ ಪಾಲಿಲ್ಲ.

ಸರಿ, ಸೇಫ್ಟಿ ಅಂದರಲ್ಲ. ಎಚ್‌ಐವಿ ಹರಡುವುದು ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ, ಸೋಂಕಿರುವ ರಕ್ತದಿಂದ, ಒಬ್ಬರು ಚುಚ್ಚಿಕೊಂಡ ಸೂಜಿಯನ್ನೇ ಇನ್ನೊಬ್ಬರು ಚುಚ್ಚಿಕೊಂಡರೆ, ಚಿಕಿತ್ಸೆ ಇಲ್ಲದಿದ್ದರೆ ತಾಯಿಯಿಂದ ಮಗುವಿಗೆ. ಎಂಜಲಿನಿಂದ ಬರಲ್ಲ. ಲೋಟದಿಂದ ಬರಲ್ಲ.

ಇನ್ನೂ ಕೇಳಿ. 2016ರಲ್ಲಿ ಯುರೋಪಿನ 14 ದೇಶಗಳಲ್ಲಿ ನಡೆದ ಅಧ್ಯಯನ ಒಂದು ಹೊರಬಂತು. 888 ಜೋಡಿಗಳು. ಇಬ್ಬರಲ್ಲಿ ಒಬ್ಬರಿಗೆ ಎಚ್‌ಐವಿ, ಆದರೆ ಮಾತ್ರೆಯಿಂದ ವೈರಸ್ ಹತೋಟಿಯಲ್ಲಿ. ಕಾಂಡೋಮ್ ಬಳಸದೆ ಕೂಡಿದವರು. ಸಂಗಾತಿಯಿಂದ ಸಂಗಾತಿಗೆ ಸೋಂಕು ದಾಟಿದ್ದು ಎಷ್ಟು? ಸೊನ್ನೆ. ಹಾಸಿಗೆಯಲ್ಲೇ ದಾಟದ್ದು ತಟ್ಟೆಯಲ್ಲಿ ದಾಟುತ್ತಾ?

"ಮುನ್ನೆಚ್ಚರಿಕೆ ತಪ್ಪಾ ಅಕ್ಕಾ?" ಯಾವುದಕ್ಕೆ ಮುನ್ನೆಚ್ಚರಿಕೆ? ಮೋಡವೇ ಇಲ್ಲದ ದಿನ ಕೊಡೆ ಬಿಚ್ಚಿ ಪಕ್ಕದವರ ಕಣ್ಣಿಗೆ ಚುಚ್ಚಿದ ಹಾಗೆ. "ಬಾಯಲ್ಲಿ ಹುಣ್ಣಿದ್ರೆ?" ಹುಣ್ಣಿದ್ದರೆ ಖಾರ ಕಮ್ಮಿ ಹಾಕಿ. ತಟ್ಟೆ ಬೇರೆ ಇಡಬೇಡಿ.

ಅತ್ತೆಗೆ ಈಗ ದಿನಕ್ಕೆ ಒಂದೇ ಮಾತ್ರೆ. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಅಂತ ಮೂರು ಔಷಧಿ, ಮೂರೂ ಅದರಲ್ಲೇ. ಸರ್ಕಾರಿ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿ ಚಿಕಿತ್ಸೆ ಕೊಡುವ ಕಡೆ, ದುಡ್ಡಿಲ್ಲದೆ ಕೊಡುತ್ತಾರೆ, 2004ರಿಂದ ಇರುವ ವ್ಯವಸ್ಥೆ. ಅತ್ತೆ ಡಬ್ಬಿಯ ಲೇಬಲ್ ಕಿತ್ತು, ಒಳಗೆ ಹತ್ತಿ ತುರುಕಿ ಬಸ್ ಹತ್ತುತ್ತಾರೆ. ಮಾತ್ರೆ ಗಲಗಲ ಅಂದರೆ ಪಕ್ಕದವರು ಕೇಳ್ತಾರೆ ಅಂತ. ಮನೆಯಲ್ಲೂ ಬಚ್ಚಲಿಗೆ ಹೋಗಿ ನುಂಗುತ್ತಿದ್ದರು. ನೆಂಟರು ಬಂದ ದಿನ ನುಂಗುತ್ತಲೇ ಇರಲಿಲ್ಲ. ಮಾತ್ರೆ ಮೇಲಿಂದ ಮೇಲೆ ತಪ್ಪಿದರೆ ವೈರಸ್ ಮತ್ತೆ ಹೆಚ್ಚುತ್ತೆ. ಈಗ ಹೇಳಿ, ಅಪಾಯ ತಂದದ್ದು ಯಾರು? ಅತ್ತೆಯಾ, ಆ ಚುಕ್ಕೆಯಾ?

"ಮಾತ್ರೆ ಕಷ್ಟ ಅಲ್ಲ ಕಣೇ, ಆ ತಟ್ಟೆ ಹಿಡ್ಕೊಂಡು ಕೂರೋದು ಕಷ್ಟ" ಅಂದಿದ್ದರು ಒಂದು ಸಲ.

ಈ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೆ ಹಾಕಿ. ಬೆಳಗ್ಗೆ ಗುಲಾಬಿ ಹೂವಿನ ಫೋಟೊ ಹಾಕುತ್ತೀರಲ್ಲ, ಅದರ ಜೊತೆಗೇ ಹಾಕಿ. ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿ. ಗುರುವಾರ ಗರ್ಭಿಣಿಯರ ಎಚ್‌ಐವಿ ಪರೀಕ್ಷೆ ಬಗ್ಗೆ ಮಾತಾಡುತ್ತೇನೆ. ಅನುಮಾನ ಇದ್ದವರು ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ಅದು ಉಚಿತ.

ಮತ್ತೆ ಅದನ್ನೇ ಹೇಳ್ತಾಳೆ ಅಂದುಕೊಳ್ಳಿ. ಹೇಳುತ್ತೇನೆ. ತಟ್ಟೆ ಬೇರೆ ಇಡಬೇಡಿ. ಲೋಟ ಬೇರೆ ಇಡಬೇಡಿ. ಸೋಪು, ಚೊಂಬು, ಚಾಪೆ, ಯಾವುದೂ ಬೇಡ. ಇಟ್ಟಿದ್ದರೆ ಇವತ್ತೇ ತೆಗೆಯಿರಿ, ನಾಳೆ ಅನ್ನಬೇಡಿ. ಕಾರಣ ಕೇಳಬೇಡಿ ಇನ್ನು, ಸುಮ್ನೆ ತೆಗೆಯಿರಿ.

ಹೋದ ದೀಪಾವಳಿಗೆ ನಾನೇ ಬ್ಲೇಡ್ ತಗೊಂಡು ಆ ಚುಕ್ಕೆ ಕೆರೆದೆ. ಬಣ್ಣ ಹೋಯಿತು, ಗೀರು ಉಳಿದಿದೆ. ಆ ತಟ್ಟೆ ಈಗ ಸ್ಟ್ಯಾಂಡಿನಲ್ಲಿ ಎಲ್ಲದರ ಜೊತೆ ಇದೆ. ಯಾರ ಕೈಗೆ ಸಿಕ್ಕರೆ ಅವರದು.