ಬಿಸಿ ಟೈರ್, ತಣ್ಣನೆ ಟೈರ್: ಗಾಳಿಯ ಲೆಕ್ಕ

ಎಲ್ಲರಿಗೂ ನಮಸ್ಕಾರ. ಬೈಕ್ ಮಾತು ಶುರುವಾದರೆ ಎಕ್ಸಾಸ್ಟ್, ಇಸಿಯು, ಕ್ವಿಕ್‌ಶಿಫ್ಟರ್ ಅಂತ ನಾವು ಗಂಟೆಗಟ್ಟಲೆ ಹರಟುತ್ತೇವೆ. ಟೈರ್ ವಿಷಯಕ್ಕೆ ಬಂದರೆ ಮಾತ್ರ ಎರಡೇ ಪ್ರಶ್ನೆ. ಯಾವ ಕಂಪನಿದು ಹಾಕಿಸಲಿ, ಗಾಳಿ ಎಷ್ಟು ಹೊಡೆಸಲಿ. ನಾನು ಎರಡನೆಯದರಿಂದ ಶುರು ಮಾಡುತ್ತೇನೆ, ಯಾಕಂದ್ರೆ ಆ ಪ್ರಶ್ನೆಯನ್ನು ಹೆಚ್ಚಿನವರು ಅರ್ಧಕ್ಕೇ ನಿಲ್ಲಿಸುತ್ತಾರೆ. ತಣ್ಣಗಿರುವಾಗ ಎಷ್ಟು, ಬಿಸಿಯಾದಾಗ ಎಷ್ಟು ಅಂತ ಕೇಳಬೇಕು.

2025ರ ಮಾರ್ಚ್‌ನಲ್ಲಿ ಥಾಯ್ಲೆಂಡ್‌ನ ಬುರಿರಾಮ್‌ನಲ್ಲಿ ನಡೆದ ಮೋಟೋಜಿಪಿ, ಅಂದರೆ ಬೈಕ್‌ಗಳ ವಿಶ್ವ ಚಾಂಪಿಯನ್‌ಶಿಪ್ ರೇಸ್ ನೋಡಿದವರು ಇಲ್ಲಿ ಇರಬಹುದು. ಮಾರ್ಕ್ ಮಾರ್ಕೆಸ್ ಆರಾಮಾಗಿ ಮುಂದಿದ್ದ. ಇದ್ದಕ್ಕಿದ್ದಂತೆ ನಿಧಾನ ಮಾಡಿ ತಮ್ಮ ಅಲೆಕ್ಸ್‌ನನ್ನು ಮುಂದೆ ಬಿಟ್ಟ, ಅವನ ಹಿಂದೆಯೇ ಬಹಳ ಹೊತ್ತು ಕೂತ, ಕೊನೆಗೆ ಮೂರು ಲ್ಯಾಪ್ ಇರುವಾಗ ಮತ್ತೆ ದಾಟಿ ಗೆದ್ದ. ಕಾರಣ ಮುಂದಿನ ಟೈರಿನ ಗಾಳಿ. ನಿಯಮದ ಪ್ರಕಾರ ರೇಸಿನ ಕನಿಷ್ಠ ಶೇ. 60ರಷ್ಟು ಲ್ಯಾಪ್‌ಗಳಲ್ಲಿ ಮುಂದಿನ ಟೈರ್ 1.8 ಬಾರ್‌ಗಿಂತ ಮೇಲಿರಬೇಕು, ಅಂದರೆ ಸುಮಾರು 26 ಪಿಎಸ್‌ಐ (ಬಾರ್, ಪಿಎಸ್‌ಐ ಎರಡೂ ಗಾಳಿಯ ಒತ್ತಡದ ಅಳತೆ). ಇಲ್ಲದಿದ್ದರೆ 16 ಸೆಕೆಂಡ್ ದಂಡ. ಒಬ್ಬನೇ ಮುಂದೆ ಓಡುವಾಗ ತಣ್ಣನೆ ಗಾಳಿ ನೇರವಾಗಿ ಟೈರಿಗೆ ಬಡಿದು ಪ್ರೆಶರ್ ಇಳಿಯುತ್ತದೆ. ಇನ್ನೊಬ್ಬರ ಹಿಂದೆ ಹೋದರೆ ಅವರ ಬೈಕಿನ ಬಿಸಿಗೆ ಏರುತ್ತದೆ. ಜಗತ್ತಿನ ದೊಡ್ಡ ರೇಸರ್ ಒಬ್ಬ ಒಂದೆರಡು ಪಿಎಸ್‌ಐಗೋಸ್ಕರ ಜಾಗ ಬಿಟ್ಟುಕೊಟ್ಟ. ನಾವು ಬಂಕ್‌ನಲ್ಲಿ "ಎಷ್ಟಾದ್ರೂ ಹಾಕಪ್ಪ" ಅನ್ನುತ್ತೇವೆ.

ರಸ್ತೆಯ ಲೆಕ್ಕ ಸುಲಭ. ಸ್ವಿಂಗ್‌ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಅಥವಾ ಚೈನ್ ಕವರ್ ಮೇಲೆ ಸ್ಟಿಕರ್ ಇರುತ್ತದೆ, ಅದನ್ನು ನಂಬಿ. ಪಲ್ಸರ್ 150ಕ್ಕೆ ಮುಂದೆ 25, ಹಿಂದೆ ಒಬ್ಬರಿದ್ದರೆ 28, ಇಬ್ಬರಿದ್ದರೆ 32. ಹಲವು ಲೀಟರ್ ಕ್ಲಾಸ್, ಅಂದರೆ ಸಾವಿರ ಸಿಸಿ ಆಸುಪಾಸಿನ ಬೈಕ್‌ಗಳಿಗೆ ಮುಂದೆ 36, ಹಿಂದೆ 42. ಇವೆಲ್ಲ ತಣ್ಣನೆ ಟೈರಿನ ಅಂಕಿ. ಬೈಕ್ ಎರಡು ಮೂರು ಗಂಟೆ ನಿಂತ ಮೇಲೆ ಅಳೆಯಬೇಕು. ಬಂಕ್ ಮನೆಯಿಂದ ಐದು ಕಿಲೋಮೀಟರ್ ದೂರ ಇದ್ದರೆ ಅಲ್ಲಿಗೆ ಹೋಗುವಷ್ಟರಲ್ಲೇ ಟೈರ್ ಬಿಸಿಯಾಗಿರುತ್ತದೆ, ಅದಕ್ಕೇ ಸ್ವಂತದ್ದೊಂದು ಗೇಜ್ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ.

ಒಂದು ಲೆಕ್ಕ ಹಾಕೋಣ. 27 ಡಿಗ್ರಿಯಲ್ಲಿ ಟೈರಿಗೆ 30 ಪಿಎಸ್‌ಐ ತುಂಬಿದ್ದೀರಿ. ಓಡಿಸಿ ಓಡಿಸಿ ಒಳಗಿನ ಗಾಳಿ 70 ಡಿಗ್ರಿಗೆ ಬಂತು. ಗೇಜ್ ಈಗ ಸುಮಾರು 36 ತೋರಿಸುತ್ತದೆ. ಗಾಳಿ ಯಾರೂ ಸೇರಿಸಿಲ್ಲ, ಬರೀ ಬಿಸಿಯ ಕೆಲಸ. ಈಗ ಹೈವೇ ಮಧ್ಯೆ ಯಾರೋ ಚೆಕ್ ಮಾಡಿ "ಅಯ್ಯೋ, ಜಾಸ್ತಿ ಆಗಿದೆ" ಅಂತ ವಾಲ್ವ್ ಪಿನ್ ಒತ್ತಿ 30ಕ್ಕೆ ಇಳಿಸುತ್ತಾರೆ. ಮಾರನೆಯ ಬೆಳಿಗ್ಗೆ ಅದೇ ಟೈರಲ್ಲಿ ಉಳಿದಿರುವುದು 24 ಚಿಲ್ಲರೆ. ಗಾಳಿ ಕಡಿಮೆ ಇರುವ ಟೈರ್ ಉರುಳುವಾಗ ಹೆಚ್ಚು ಬಳುಕುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಕಾಯುತ್ತದಲ್ಲ, ಹಾಗೆಯೇ ಟೈರಿನ ಪಕ್ಕದ ಗೋಡೆಯೂ ಕಾಯುತ್ತದೆ. ಮೇ ತಿಂಗಳಲ್ಲಿ ಚಿತ್ರದುರ್ಗದ ಕಡೆ ಹೈವೇಯಲ್ಲಿ, ಹಿಂದೆ ಒಬ್ಬರು, ಎರಡು ಕಡೆ ಬ್ಯಾಗ್. ಟೈರ್ ಒಡೆಯಲು ಇನ್ನೇನು ಬೇಕು?

ರೈಡರ್‌ಗಳು ಬಳಸುವ ಒಂದು ಅಂದಾಜು ಇದೆ. ರಸ್ತೆಯಲ್ಲಿ ಬಿಸಿ ಪ್ರೆಶರ್ ತಣ್ಣನೆಯದಕ್ಕಿಂತ ಶೇ. 10ರ ಆಸುಪಾಸು ಏರಿದರೆ ಸರಿ. ಅದಕ್ಕಿಂತ ತುಂಬಾ ಜಾಸ್ತಿ ಏರುತ್ತಿದೆ (ಮೇಲಿನ ಲೆಕ್ಕದ 30ರಿಂದ 36ರ ಹಾಗೆ) ಅಂದರೆ ಟೈರ್ ಅತಿಯಾಗಿ ಕಾಯುತ್ತಿದೆ, ಅಂದರೆ ಶುರುವಲ್ಲಿ ಹಾಕಿದ್ದೇ ಕಡಿಮೆ. ಏರಿಕೆ ಕಂಡು ಗಾಳಿ ಬಿಡಬಾರದು, ಮುಂದಿನ ಸಲ ಸೇರಿಸಬೇಕು. ಇದು ಕೇಳಲು ಉಲ್ಟಾ ಅನಿಸುತ್ತದೆ, ಆದರೆ ಹೀಗೇ.

ಮಾಮೂಲಿ ಗಾಳಿ ಬದಲು ನೈಟ್ರೋಜನ್ ತುಂಬಿಸುವ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಅದೇ ಇದೆ. ಅದರ ಲಾಭ ಏನಿದ್ದರೂ ತೇವ ಇಲ್ಲದಿರುವುದು. ರೇಸ್ ತಂಡಗಳಿಗೆ ಅದು ಮುಖ್ಯ, ಆಫೀಸಿಗೆ ಹೋಗುವ ಬೈಕಿಗೆ ದುಡ್ಡು ಕೊಟ್ಟು ಹಾಕಿಸುವಂಥದ್ದೇನಿಲ್ಲ.

ಇನ್ನು ಟ್ರ್ಯಾಕ್. ಬೆಂಗಳೂರಿನವರು ಟ್ರ್ಯಾಕ್ ಡೇ (ರೇಸ್ ಟ್ರ್ಯಾಕಿನಲ್ಲಿ ನಮ್ಮದೇ ಬೈಕ್ ಓಡಿಸುವ ದಿನ) ಅಂದರೆ ಸಾಮಾನ್ಯವಾಗಿ ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈಗೆ, ಇಲ್ಲವೇ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುತ್ತಾರೆ. ಅಲ್ಲಿ ತಣ್ಣನೆ ಅಂಕಿಗೆ ಅಷ್ಟು ಬೆಲೆ ಇಲ್ಲ. ಒಂದೇ ಸಮ ಬ್ರೇಕ್, ಒಂದೇ ಸಮ ಥ್ರಾಟಲ್, ಪ್ರತಿ ತಿರುವಿನಲ್ಲೂ ವಾಲಿಸಿದ ಬೈಕ್. ಟೈರ್ ರಸ್ತೆಯಲ್ಲಿ ಎಂದೂ ಕಾಣದ ಬಿಸಿ ಕಾಣುತ್ತದೆ. ಸ್ಟಿಕರ್‌ನಲ್ಲಿರುವ 36-42 ಹಾಕಿಕೊಂಡು ಹೋದರೆ ನಾಲ್ಕು ಲ್ಯಾಪ್‌ಗೆ ಟೈರ್ ಉಬ್ಬಿ, ನೆಲಕ್ಕೆ ಕೂರುವ ಜಾಗ ಸಣ್ಣದಾಗಿ, ಜಾರಲು ಶುರು ಮಾಡುತ್ತದೆ. ಅದಕ್ಕೇ ಕೆಲವು ಪಿಎಸ್‌ಐ ಇಳಿಸಿ ಶುರು ಮಾಡುವುದು. ಎಷ್ಟು ಇಳಿಸಬೇಕು ಅನ್ನುವುದು ಟೈರ್ ಮೇಲೆ ನಿಂತಿದೆ, ಬೈಕ್ ಮೇಲಲ್ಲ. ಕಂಪನಿಗಳು ತಮ್ಮ ಟ್ರ್ಯಾಕ್ ಟೈರಿಗೆ ಬಿಸಿ ಪ್ರೆಶರ್ ಇಷ್ಟಿರಬೇಕು ಅಂತ ಚಾರ್ಟ್ ಕೊಡುತ್ತವೆ, ಅದನ್ನೇ ಹಿಡಿಯಿರಿ. ಪಕ್ಕದ ಪಿಟ್‌ನವನ (ಟ್ರ್ಯಾಕ್ ಬದಿ ಬೈಕ್ ನಿಲ್ಲಿಸುವ ಜಾಗ) ಅಂಕಿ ಬೇಡ, ಅವನ ತೂಕ, ಅವನ ವೇಗ, ಅವನ ಟೈರ್ ಬೇರೆ.

ಸೆಷನ್ ಮುಗಿಸಿ ಪಿಟ್‌ಗೆ ಬಂದ ಕೂಡಲೇ, ಹೆಲ್ಮೆಟ್ ತೆಗೆಯುವ ಮೊದಲೇ ಅಳೆಯಿರಿ. ಫೋಟೋ ಗೀಟೋ ಆಮೇಲೆ. ಐದು ನಿಮಿಷ ಬಿಟ್ಟು ಅಳೆದರೆ ಆ ಅಂಕಿಗೆ ಅರ್ಥ ಇಲ್ಲ. ಆಮೇಲೆ ಕೂತು ಟೈರಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ. ರಬ್ಬರ್ ಸಮನಾಗಿ ಸಣ್ಣಗೆ ತರಿತರಿಯಾಗಿದ್ದರೆ ಚೆನ್ನಾಗಿ ಕೆಲಸ ಮಾಡುತ್ತಿದೆ. ಆಳವಾಗಿ ಹರಿದು ಎದ್ದು ನಿಂತಿದ್ದರೆ ಪ್ರೆಶರ್ ಅಥವಾ ಸಸ್ಪೆನ್ಷನ್ ಎಲ್ಲೋ ತಪ್ಪಿದೆ.

ಇಲ್ಲಿ ಒಂದು ತಮಾಷೆ ಇದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ ಹೊರಗಿನ ಗಾಳಿಯ ಒತ್ತಡ ಚೆನ್ನೈಗಿಂತ ಒಂದೂವರೆ ಪಿಎಸ್‌ಐಯಷ್ಟು ಕಡಿಮೆ. ಬೆಳಿಗ್ಗೆ 20 ಡಿಗ್ರಿಯಲ್ಲಿ ಇಲ್ಲಿ 30 ತುಂಬಿಸಿ, ಬೈಕನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಅಲ್ಲಿ 32 ಡಿಗ್ರಿಯಲ್ಲಿ ಅಳೆದರೆ ಹೆಚ್ಚುಕಡಿಮೆ 30ನ್ನೇ ತೋರಿಸುತ್ತದೆ. ಸೆಕೆಗೆ ಏರಿದ್ದನ್ನು ಎತ್ತರ ಇಳಿದಿದ್ದು ತಿಂದುಹಾಕಿತು. ಮಧ್ಯಾಹ್ನ ಬಿಸಿಲು ಏರಿದ ಮೇಲೆ ಮಾತ್ರ ಈ ಸಮಾಧಾನ ಇರುವುದಿಲ್ಲ.

ಈಗ ಯಾವ ಟೈರ್ ಅನ್ನುವ ಪ್ರಶ್ನೆ. ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ವರ್ಷಕ್ಕೆ ಒಂದೋ ಎರಡೋ ಟ್ರ್ಯಾಕ್ ಡೇ ಮಾಡುವವರಿಗೆ ಮೆತ್ತನೆಯ ಟ್ರ್ಯಾಕ್ ಟೈರ್ ಬೇಡವೇ ಬೇಡ. ಅದು ಕಾಯ್ದ ಮೇಲೆ ಹಿಡಿಯುವ ರಬ್ಬರ್. ಡಿಸೆಂಬರ್ ಬೆಳಿಗ್ಗೆ ನಂದಿ ಬೆಟ್ಟದ ತಿರುವಿನಲ್ಲಿ ಅದು ಕಾಯುವುದೇ ಇಲ್ಲ. ರೇಸ್‌ನವರು ವಾರ್ಮರ್ (ಟೈರ್ ಬಿಸಿ ಮಾಡುವ ಹೊದಿಕೆ) ಸುತ್ತಿ 80 ಡಿಗ್ರಿಗೆ ತಂದು ಹೊರಡುತ್ತಾರೆ, ನಾವು ಮನೆ ಗೇಟಿನಿಂದ ಹೊರಡುತ್ತೇವೆ. ನಡುವೆ ಗಟ್ಟಿ, ಅಂಚಿನಲ್ಲಿ ಮೆತ್ತಗೆ ಇರುವ ಒಳ್ಳೆ ರೇಡಿಯಲ್ ರೋಡ್ ಟೈರ್ ಸಾಕು, ಅದರಲ್ಲೇ ಟ್ರ್ಯಾಕ್ ಕಲಿಯಬಹುದು.

ದಪ್ಪ ಟೈರಿನ ಹುಚ್ಚಂತೂ ಬಿಡಿ. ಸಣ್ಣ ರಿಮ್‌ಗೆ ಅಗಲ ಟೈರ್ ತುರುಕಿದರೆ ಅಂಚುಗಳು ಒಳಕ್ಕೆ ಎಳೆದುಕೊಂಡು ಟೈರಿನ ಆಕಾರವೇ ಬದಲಾಗುತ್ತದೆ, ಬೈಕ್ ವಾಲಿಸುವುದೇ ಕಷ್ಟ. ಕೊಳ್ಳುವಾಗ ಟೈರಿನ ಪಕ್ಕದ ಗೋಡೆಯ ಮೇಲಿರುವ ನಾಲ್ಕು ಅಂಕಿ ನೋಡಿ. 3224 ಅಂದರೆ 2024ರ 32ನೇ ವಾರ ತಯಾರಾದದ್ದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊರದೇಶದ ಟೈರ್ ಆಮದಿಗೆ ಕಡಿವಾಣ ಹಾಕಿತು. ಅಪರೂಪದ ಟೈರ್ ಸಿಕ್ಕಿತು ಅಂತ ಕುಣಿಯುವ ಮೊದಲು ಅದು ಗೋಡೌನ್‌ನಲ್ಲಿ ಎಷ್ಟು ವರ್ಷ ಮಲಗಿತ್ತು ಅಂತ ಓದಿಕೊಳ್ಳಿ.

ಮಳೆಗಾಲದಲ್ಲಿ ಚಾರ್ಮಾಡಿಗೋ ಆಗುಂಬೆಗೋ ಹೋಗುವಾಗ ಹಿಡಿತ ಜಾಸ್ತಿ ಸಿಗಲಿ ಅಂತ ಗಾಳಿ ಇಳಿಸುವವರಿದ್ದಾರೆ. ಮಾಡಬೇಡಿ. ನೀರನ್ನು ಒತ್ತಿ ಹೊರಗೆ ತಳ್ಳಲು ಟೈರಿಗೆ ಒತ್ತಡ ಬೇಕು, ಗಾಳಿ ಕಡಿಮೆಯಾದಷ್ಟೂ ಅದು ನೀರಿನ ಮೇಲೆ ಬೇಗ ತೇಲುತ್ತದೆ. ಸ್ಟಿಕರ್‌ನ ಅಂಕಿಯೇ ಇರಲಿ.

ಕೊನೆಗೆ, ಟ್ರ್ಯಾಕ್‌ಗೆ ಬೈಕ್ ಓಡಿಸಿಕೊಂಡೇ ಹೋಗುವವರಿಗೆ ಒಂದು ಮಾತು. ಸಂಜೆ ಸುಸ್ತಾಗಿ, ಬ್ಯಾಗ್ ಕಟ್ಟಿ, ಟ್ರ್ಯಾಕ್ ಪ್ರೆಶರ್‌ನಲ್ಲೇ ಬೆಂಗಳೂರಿನ ಮುನ್ನೂರು ಚಿಲ್ಲರೆ ಕಿಲೋಮೀಟರ್ ದಾರಿ ಹಿಡಿಯುವವರು ತುಂಬಾ ಜನ. ಕೊನೆಯ ಸೆಷನ್ ಆದ ಮೇಲೆ ಬೈಕ್ ಎರಡು ಗಂಟೆಯಾದರೂ ನಿಲ್ಲಲಿ, ಅಷ್ಟರಲ್ಲಿ ಊಟ ಮಾಡಿ, ನೀರು ಕುಡಿಯಿರಿ, ಕಾಲು ಚಾಚಿ. ಟೈರ್ ಕೈಗೆ ತಣ್ಣಗೆ ತಾಗಿದ ಮೇಲೆ ಪುಟ್ಟ ಪಂಪ್‌ನಿಂದ ರಸ್ತೆಯ ಅಂಕಿಗೆ ತುಂಬಿಸಿ, ಎರಡೂ ಟೈರಿಗೆ ಮೊಳೆ ಗಿಳೆ ಚುಚ್ಚಿದೆಯಾ ಅಂತ ಒಂದು ಸುತ್ತು ತಿರುಗಿಸಿ ನೋಡಿ, ಆಮೇಲೆ ಹೊರಡಿ.