ಬೆದರೋ ಕುದುರಿಗೆ ಯಾವ ಪುಡಿ? ಡಬ್ಬಿ ಕೊಳ್ಳೂಕಿಂತ ಮೊದಲ ಇದನ್ನ ನೋಡ್ರಿ

[ದೃಶ್ಯ: ಅಕ್ಕಲಕೋಟ ಹತ್ರದ ಒಂದು ತಬೇಲಾ. ಗೂಟಕ್ಕ ಕಟ್ಟಿದ ಬಿಳಿ ಕುದುರಿ. ಗಾಳಿಗೆ ಪ್ಲಾಸ್ಟಿಕ್ ಚೀಲ ಹಾರತದ. ಕುದುರಿ ತಲಿ ಎತ್ತಿ, ಕಿವಿ ನಿಗುರಿಸಿ, ಅಡ್ಡ ಜಿಗೀತದ.]

ನಮಸ್ಕಾರ್ರಿ. ಲಗ್ನದ ಸೀಜನ್ ಹತ್ರ ಬಂತಂದ್ರ ಜತ್ತ, ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ಕಡೆ ಕುದುರಿ ಸಾಕಿದವರು ಕೇಳೋ ಮಾತು ಒಂದ: "ಅಣ್ಣಾರ, ಕುದುರಿ ಭಾಳ ಬೆದರತದ. ಶಾಂತ ಆಗೂಹಂಗ ಏನರೆ ಪುಡಿ ಹೇಳ್ರಿ." ದೀಪಾವಳಿ ಹೊತ್ತಿಗೆ ಅಕ್ಲೂಜ ಬಾಜಾರದಿಂದ ಹೊಸದಾಗಿ ತಂದ ಕುದುರಿ ಇದ್ರಂತೂ ಕೇಳೂದ ಬ್ಯಾಡ.

ಪುಡಿ ಹೇಳ್ತೀವಿ, ತೂಕದ ಲೆಕ್ಕಾನೂ ಹೇಳ್ತೀವಿ. ಅದಕ್ಕಿಂತ ಮೊದಲ ಕುದುರಿ ಬಾಯಾಗ ಬೆರಳು ಹಾಕಿ ನೋಡೋಣ.

[ದೃಶ್ಯ: ಹತ್ತಿರದಿಂದ ಕುದುರಿಯ ತುಟಿ ಮೂಲಿ. ಹೆಬ್ಬೆರಳು ನಿಧಾನಕ್ಕ ತುಟಿ ಸರಸತದ.]

ಲಗಾಮು ಬಿಚ್ಚಿ, ತುಟಿ ಎರಡೂ ಮೂಲಿ ನೋಡ್ರಿ. ಚರ್ಮ ಗಟ್ಟಿಯಾಗಿ ಬಿಳಚಿಕೊಂಡದೇನು? ಒಳಗ ಹಸಿ ಗಾಯ ಅದೇನು? ನಾಲಿಗಿ ಮ್ಯಾಲೆ ಅಡ್ಡ ಗೆರಿ ಬಿದ್ದದೇನು? ಮೆರವಣಿಗಿ ಕುದುರಿಗಳಿಗೆ ಇನ್ನೂ ಮುಳ್ಳಿನ ಲಗಾಮು ಹಾಕೋ ರೂಢಿ ಅದ. 1965ರ ಕೇಂದ್ರ ನಿಯಮದ ಪ್ರಕಾರ ಮುಳ್ಳು, ಚೂಪು ಇರೋ ಲಗಾಮು ಬಳಸೂದು ಅಪರಾಧ. ಬ್ಯಾಂಡ್ ಬಾರಿಸಿದ ಕೂಡಲೇ ಬಾಯಾಗ ಮುಳ್ಳು ಚುಚ್ಚಿದ್ರ, ಕುದುರಿ ಆ ಸಪ್ಪಳ ಮತ್ತ ಆ ನೋವು ಎರಡನ್ನೂ ಒಂದ ಗಂಟು ಹಾಕಿ ನೆನಪ ಇಟ್ಕೊಂತದ. ಮರುದಿನ ಬ್ಯಾಂಡ್ ಕೇಳಿದ್ರ ಸಾಕು, ಜಿಗೀತದ. ಆ ಲಗಾಮು ತಗದು, ನಯವಾದ, ನಡುವ ಒಂದ ಕೀಲು ಇರೋ ಲಗಾಮು ಹಾಕೂತನಕ ಯಾವ ಪುಡಿನೂ ಉಪಯೋಗ ಇಲ್ಲ.

ಜೀನು ಕೂಡೋ ಜಾಗದಾಗ ಬಿಳಿ ಕೂದಲು ಮೂಡಿದ್ರ, ಅಲ್ಲಿ ಜೀನು ಒತ್ತಿದ ಗುರ್ತು ಅದು. ಕುದುರಿ ಯಾವಾಗಲೂ ಒಂದ ಕಡೆಯಿಂದನ ಬೆದರತದಂದ್ರ ಆ ಕಡೆ ಕಣ್ಣು ನೋಡಸ್ರಿ. ಕಣ್ಣಿನ ಒಳಗ ಪದೇ ಪದೇ ಉರಿ ಆಗಿ ದೃಷ್ಟಿ ಮಂಕಾಗೋ ರೋಗ ಕುದುರಿಗಳಾಗ ಅದ.

ಇನ್ನ ಹೊಟ್ಟಿ. ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರ "ಅಂಜಬುರುಕ ಕುದುರಿ" ಅಂತ ಹೆಸರು ತಗೊಂಡ ಎಷ್ಟೋ ಕುದುರಿಗಳ ತೊಂದರಿ ಇಲ್ಲೇ ಇರ್ತದ.

[ದೃಶ್ಯ: ಜೋಳದ ಕಣಿಕಿ, ದಾಣಿ ಬುಟ್ಟಿ, ಗೋದಿ ಬೂಸಾ ಚೀಲ.]

ನಮ್ಮ ಹೊಟ್ಟ್ಯಾಗ ಊಟದ ಹೊತ್ತಿಗೆ ಆಮ್ಲ ಹೆಚ್ಚ ಬರ್ತದ. ಕುದುರಿ ಹೊಟ್ಟ್ಯಾಗ ತಿನ್ನಲಿ ಬಿಡಲಿ, ಹಗಲು ರಾತ್ರಿ ಆಮ್ಲ ಸುರೀತಾನ ಇರ್ತದ. ಮೇವು ಅಗೀತಿದ್ರ ಜೊಲ್ಲು ಇಳದು ಆಮ್ಲ ತಣ್ಣಗಾಗ್ತದ. ಆರೆಂಟು ತಾಸು ಬಾಯಿ ಖಾಲಿ ಇದ್ರ ಹೊಟ್ಟಿ ಮ್ಯಾಲಿನ ಅರ್ಧ ಭಾಗ ಸುಟ್ಟು ಹುಣ್ಣಾಗ್ತದ. ಸಂಜಿ ವರಾತಿಗೆ ಹೋಗೋ ಕುದುರಿ ಮಧ್ಯಾಹ್ನದಿಂದ ಶೃಂಗಾರ, ಆಮೇಲೆ ಟೆಂಪೋ, ಆಮೇಲೆ ರಾತ್ರಿ ಹನ್ನೊಂದರ ತನಕ ಮೆರವಣಿಗಿ ಅಂತ ಉಪವಾಸ ನಿಂತಿರ್ತದ. ಹೊಟ್ಟಿ ನೋವಿದ್ದ ಪ್ರಾಣಿಗೆ ಪಟಾಕಿ ಸಪ್ಪಳ ಇನ್ನೂ ದೊಡ್ಡದಾಗಿ ಕೇಳತದ. ಜೀನಿನ ಹೊಟ್ಟಿ ಪಟ್ಟಿ ಬಿಗಿಯೂಮುಂದ ಕಚ್ಚಾಕ ಬರೂದು, ದಾಣಿ ಅರ್ಧಕ್ಕ ಬಿಡೂದು, ಮೈ ಕೂದಲು ಕಳಿಗುಂದೂದು, ಇವು ಹುಣ್ಣಿನ ಸುಳಿವು.

ಇದಕ್ಕ ಮದ್ದು ಮೇವಿನಾಗ ಅದ. ದಿನಕ್ಕ ಮೈತೂಕದ ನೂರಕ್ಕ ಒಂದೂವರಿಯಿಂದ ಎರಡು ಪಾಲು ಒಣ ಮೇವು, ಅದೂ ನಾಲ್ಕೈದು ಸರ್ತಿ ಹಂಚಿ. 300 ಕೆಜಿ ಕುದುರಿಗೆ ನಾಲ್ಕೂವರಿಯಿಂದ ಆರು ಕೆಜಿ. ಕೆಲಸಕ್ಕ ಹೊರಡೋ ಮುಂಚೆ ಒಂದು ಕೆಜಿ ಕಣಿಕಿ ಕತ್ತರಿಸಿ ಹಾಕ್ರಿ, ಆ ನಾರು ಹೊಟ್ಟ್ಯಾಗ ಚಾಪಿ ಹಾಸಿದಂಗ ಕುಂತು ಆಮ್ಲ ಮ್ಯಾಲೆ ಸಿಡೀದಂಗ ತಡೀತದ. ಕುದುರಿ ಮಸಾಲಿ ಸೊಪ್ಪು, ಮರಾಠಿ ಮಂದಿ ಲಸೂಣ ಘಾಸ ಅಂತಾರಲ್ಲ, ಅದು ಸಿಕ್ರ ಇನ್ನೂ ಚಲೋ. ಅದರಾಗಿನ ಕ್ಯಾಲ್ಸಿಯಂ ಆಮ್ಲ ಕಡಿಮಿ ಮಾಡತದ.

ದಾಣಿ ಹೆಚ್ಚಾದ್ರೂ ಕುದುರಿ ಕುಣೀತದ. ಒಂದು ಹೊತ್ತಿಗೆ ಪಿಷ್ಟ ಮೈತೂಕದ ಕೆಜಿಗೆ ಒಂದು ಗ್ರಾಂ ದಾಟಬಾರದು. ಜೋಳದಾಗ ಮೂರರಾಗ ಎರಡು ಪಾಲು ಪಿಷ್ಟನ. ಅಂದ್ರ 300 ಕೆಜಿ ಕುದುರಿಗೆ ಒಂದು ಹೊತ್ತಿಗೆ ಜೋಳ 450 ಗ್ರಾಂ, ಅಷ್ಟ. ಎರಡು ಕೆಜಿ ದಾಣಿ ಒಂದ ಸಲ ಸುರುವಿ, ದಿನಾಲೂ ಗೂಟಕ್ಕ ಕಟ್ಟಿ, ಆಮೇಲೆ ಕುದುರಿ ಹಾರಾಡತದ ಅಂದ್ರ ತಪ್ಪು ಕುದುರಿದಲ್ಲ.

[ದೃಶ್ಯ: ಅಳತಿ ಟೇಪು. ಮುಂಗಾಲಿನ ಹಿಂದ ಎದಿ ಸುತ್ತ, ಆಮೇಲೆ ಭುಜದ ಮುಂದಿನ ಎಲುಬಿನಿಂದ ಪಿರ್ರಿ ಎಲುಬಿನ ತನಕ.]

ಇಷ್ಟೆಲ್ಲ ಸರಿ ಮಾಡಿ, ಒಂದು ತಿಂಗಳು ನೋಡಿ, ಆಮೇಲೂ ಬೆದರತಿದ್ರ ಪುಡಿ ಮಾತು. ಮೊದಲ ತೂಕ ಬೇಕು. ತೂಕ ಗೊತ್ತಿಲ್ಲದ ಕೊಟ್ಟ ಪುಡಿ ಕಮ್ಮಿ ಆಗ್ತದ, ಇಲ್ಲಾ ಹೆಚ್ಚಾಗ್ತದ. ಎದಿ ಸುತ್ತಳತಿಯನ್ನ ಸೆಂಟಿಮೀಟರಿನಾಗ ಅಳದು ಅದಕ್ಕ ಅದರಿಂದನ ಗುಣಸ್ರಿ, ಬಂದದ್ದನ್ನ ಉದ್ದದಿಂದ ಗುಣಸ್ರಿ, 11,880ರಿಂದ ಭಾಗಿಸ್ರಿ. ಸುತ್ತಳತಿ 160, ಉದ್ದ 140 ಬಂದ್ರ ತೂಕ 302 ಕೆಜಿ.

ಈಗ ಡಬ್ಬಿ. ಹೆಚ್ಚಿನ ಡಬ್ಬಿಗಳಾಗ ಇರೂದು ಮೆಗ್ನೀಷಿಯಂ. ಇದು ಕಮ್ಮಿ ಆದ್ರ ಸ್ನಾಯು ನಡಗತಾವ, ಕುದುರಿ ಚಡಪಡಸತದ, ಇದು ಖರೆ. ಕಮ್ಮಿ ಇಲ್ಲದ ಕುದುರಿಗೆ ಸುರುವಿದ್ರ ಶಾಂತ ಆಗ್ತದ ಅನ್ನೂದಕ್ಕ ಗಟ್ಟಿ ಆಧಾರ ಇಲ್ಲ. ಕೆಲಸ ಇಲ್ಲದ 300 ಕೆಜಿ ಕುದುರಿಗೆ ದಿನಕ್ಕ ಬೇಕಾಗೂದು ಸುಮಾರು ನಾಲ್ಕೂವರಿ ಗ್ರಾಂ, ದುಡಿಯೂದಕ್ಕ ಅದರ ಒಂದೂವರಿ-ಎರಡು ಪಟ್ಟು. ಒಣ ಮೇವಿನ ಕೆಜಿಗೆ ಒಂದೂವರಿ-ಎರಡು ಗ್ರಾಂ ಇರ್ತದ, ಗೋದಿ ಬೂಸಾದಾಗ ಕೆಜಿಗೆ ಐದು ಗ್ರಾಂ ಹತ್ರ. ಹೊಟ್ಟಿ ತುಂಬ ಮೇವು, ಮ್ಯಾಲೆ ಒಂದು ಕೆಜಿ ಬೂಸಾ ತಿನ್ನೋ ಕುದುರಿಗೆ ಕೊರತಿ ಬರೂದು ಕಡಿಮಿ. (ಹಂಗಂತ ಬೂಸಾ ಹೆಚ್ಚ ಮಾಡಬ್ಯಾಡ್ರಿ. ಅದರಾಗ ರಂಜಕ ಭಾಳ, ಕ್ಯಾಲ್ಸಿಯಂ ಇಲ್ಲದಷ್ಟ. ವರ್ಷಗಟ್ಟಲೆ ಅದನ್ನ ತಿಂದ್ರ ಎಲುಬು ಸಡಿಲ ಆಗಿ ಮುಖದ ಎಲುಬು ಊದತಾವ.)

ಆದ್ರೂ ಮೆಗ್ನೀಷಿಯಂ ಅಗ್ಗದ್ದು, ಸರಿ ಅಳತಿಯಾಗ ಅಪಾಯ ಕಡಿಮಿ, ಹಿಂಗಾಗಿ ಮೊದಲ ಪರೀಕ್ಷೆಗೆ ಇದನ್ನ ತಗೊಳ್ಳೂದು ನಮಗ ಸರಿ ಕಾಣತದ. ಚೀಟಿ ಓದೂದರಾಗ ಮಂದಿ ಮೋಸ ಹೋಗ್ತಾರ. ನಮ್ಮ 300 ಕೆಜಿ ಕುದುರಿಗೆ ದಿನಕ್ಕ ಬೇಕಾದ್ದು ಮೆಗ್ನೀಷಿಯಂ ಮೂರು ಗ್ರಾಂ ಅಂತ ಇಟ್ಕೊಳ್ರಿ. ಫೀಡ್ ದರ್ಜೆ ಮೆಗ್ನೀಷಿಯಂ ಆಕ್ಸೈಡಿನಾಗ ನೂರಕ್ಕ 54-55 ಮೆಗ್ನೀಷಿಯಂ, ಅಂದ್ರ ಐದೂವರಿ ಗ್ರಾಂ ಪುಡಿ. ಕಾರ್ಬೋನೇಟಿನಾಗ ಕಾಲು ಪಾಲು, ಅಂದ್ರ 12 ಗ್ರಾಂ. ಎಪ್ಸಮ್ ಉಪ್ಪಿನಾಗ ಹತ್ತನೇ ಒಂದು ಪಾಲು, ಅಂದ್ರ 30 ಗ್ರಾಂ. ಅದು ಭೇದಿ ಉಪ್ಪು, ದಿನಾ ಕೊಡೂದಲ್ಲ. ಡಬ್ಬಿ ಮ್ಯಾಲೆ "ಮೆಗ್ನೀಷಿಯಂ ಯುಕ್ತ" ಅಂತಷ್ಟ ಬರದು ಯಾವ ರೂಪ, ಒಂದು ಚಮಚಕ್ಕ ಎಷ್ಟು ಅಂತ ಬರೀಲಿಲ್ಲಂದ್ರ ಆ ಡಬ್ಬಿ ಅಲ್ಲೇ ಇಡ್ರಿ. ಚಮಚದ ಲೆಕ್ಕನೂ ಬ್ಯಾಡ, ಗ್ರಾಂ ತೋರಸೋ ಸಣ್ಣ ಡಿಜಿಟಲ್ ತಕ್ಕಡಿ ತಗೊಳ್ರಿ. ರುಚಿ ಕಹಿ, ನೆನಸಿದ ಬೂಸಾದಾಗ ಒಂದು ಹಿಡಿ ಬೆಲ್ಲದ ನೀರಿನ ಕೂಡ ಕಲಸ್ರಿ. ಸಗಣಿ ತೆಳ್ಳಗಾದ್ರ ಅರ್ಧಕ್ಕ ಇಳಸ್ರಿ. ಕಿಡ್ನಿ ತೊಂದರಿ ಇರೋ ಕುದುರಿಗೆ ಬ್ಯಾಡ.

[ದೃಶ್ಯ: ಎರಡು ಪೊಟ್ಟಣದ ಹಿಂಬದಿ, ಹೆಸರು ಮಸುಕು ಮಾಡಿದ್ದು.]

ಟ್ರಿಪ್ಟೊಫಾನ್ ಅನ್ನೋ ಅಮೈನೊ ಆಮ್ಲ ಎರಡನೇದು. ಮಿದುಳಿನಾಗ ಮನಸ್ಸಿನ ಸ್ಥಿತಿ ಹಿಡಿತದಾಗ ಇಡೋ ಸಿರೊಟೋನಿನ್ ತಯಾರಾಗೂದು ಇದರಿಂದನ, ಹಿಂಗಾಗಿ ಶಾಂತ ಆಗಬೇಕು ಅನ್ನೂದು ತರ್ಕ. ಕುದುರಿ ಮ್ಯಾಲೆ ಪರೀಕ್ಷೆ ಮಾಡಿದಾಗ ಕಡಿಮಿ ಅಳತಿಗೆ ಕೆಲವು ಕುದುರಿ ಉಲ್ಟಾ ಚುರುಕಾಗ್ಯಾವ. ಪೋನಿ ಅಂದ್ರ ಗಿಡ್ಡ ಜಾತಿ ಕುದುರಿಗಳಿಗೆ ಕೆಜಿ ತೂಕಕ್ಕ 350 ಮಿಲಿಗ್ರಾಂ ಬಾಯಿಂದ ಕೊಟ್ಟಾಗ ರಕ್ತದ ಕೆಂಪು ಕಣ ಒಡದಾವ. ಡಬ್ಬಿಯಾಗ ಬರೂದು ಅದಕ್ಕಿಂತ ಭಾಳ ಕಡಿಮಿ, ಆದ್ರ "ಆಗಲಿಲ್ಲ, ಇನ್ನೊಂದು ಚಮಚ" ಅನ್ನೋ ಚಟ ಇದರಾಗ ಬ್ಯಾಡ.

ವಿಟಮಿನ್ ಬಿ1 ಅಂದ್ರ ಥಯಾಮಿನ್. ಮೇವು ತಿನ್ನೋ ಕುದುರಿ ಕರುಳಿನಾಗಿನ ಸೂಕ್ಷ್ಮಜೀವಿಗಳು ಇದನ್ನ ತಯಾರಿಸ್ತಾವ, ಕೊರತಿ ಅಪರೂಪ. ಕೊಟ್ರ ನಷ್ಟ ರೊಕ್ಕದ್ದಷ್ಟ. ಹಾಲಿನಾಗಿನ ಪ್ರೋಟೀನ್ ಕೇಸಿನ್ನಿಂದ ತಗದ ಒಂದು ಪೆಪ್ಟೈಡ್ (ಪ್ರೋಟೀನಿನ ತುಣುಕು) ಬರ್ತದ, ಸಣ್ಣ ಪರೀಕ್ಷೆಗಳಾಗ ಭರವಸೆ ತೋರಿಸ್ಯದ, ಆದ್ರ ತುಟ್ಟಿ.

ಬೇರು-ಮೂಲಿಕಿ ವಿಷಯಕ್ಕ ಎಚ್ಚರ. ಅಶ್ವಗಂಧ, ನಮ್ಮ ಹಿರೇಮದ್ದು, ಹೆಸರಿನಾಗ ಕುದುರಿ ಅದ ಅಂತ ಕುದುರಿ ಮದ್ದು ಆಗೂದಿಲ್ಲ. ಬೇರಿಗೆ ಕುದುರಿ ವಾಸನಿ ಅಂತ ಆ ಹೆಸರು. ಕುದುರಿ ಮ್ಯಾಲೆ ಇದರ ಪರೀಕ್ಷೆ ಭಾಳ ಕಡಿಮಿ, ಗಬ್ಬ ಇದ್ರ ಕೊಡಬ್ಯಾಡ್ರಿ. ತಗರ ಅನ್ನೋ ಬೇರು ವಲೇರಿಯನ್ ಗಿಡದ ಜಾತಿದು. ವಲೇರಿಯನ್ನಿನ ಆಮ್ಲ ಅಂತಾರಾಷ್ಟ್ರೀಯ ಕುದುರೆ ಕ್ರೀಡಾ ಒಕ್ಕೂಟ ಎಫ್‌ಇಐನ ನಿಷೇಧದ ಪಟ್ಟಿಯಾಗ ಅದ, ಸ್ಪರ್ಧೆಗೆ ಹೋಗೋ ಕುದುರಿಗೆ ಬ್ಯಾಡ.

ಖರೆ ಅಪಾಯ ಸರ್ಪಗಂಧದ್ದು. 1952ರಾಗ ಇದರ ಬೇರಿನಿಂದ ರೆಸರ್ಪಿನ್ ಬೇರ್ಪಡಿಸಿ, ಮನುಷ್ಯರ ರಕ್ತದೊತ್ತಡಕ್ಕ ಔಷಧ ಮಾಡಿದ್ರು. ಕುದುರಿಗೆ ಕೊಟ್ರ ರಕ್ತದೊತ್ತಡ ಇಳೀತದ, ಕಣ್ಣರೆಪ್ಪಿ ಜೋಲತಾವ, ಭೇದಿ, ಹೊಟ್ಟಿ ನುಲಿ ಬರ್ತದ, ಪರಿಣಾಮ ದಿನಗಟ್ಟಲೆ ಇರ್ತದ. ಬಾಜಾರದಾಗ ಕುರಿಯಂಗ ನಿಂತ ಕುದುರಿ ಮನಿಗೆ ಬಂದು ಒಂದೆರಡು ವಾರದಾಗ ಬೆಂಕಿ ಆದ್ರ, ಮಾರೋ ಮುಂದ ಇಂಥದ್ದೇನರೆ ಕೊಟ್ಟಿರಬಹುದು ಅಂತ ವಿಚಾರ ಮಾಡ್ರಿ. "ಶಾಂತಿ ಚೂರ್ಣ" ಅಂತ ಪೊಟ್ಟಣ ಕೈಗೆ ಬಂದ್ರ, ಒಳಗೇನದ ಅಂತ ಬರೀಲಿಲ್ಲಂದ್ರ ಕುದುರಿ ಬಾಯಿಗೆ ಹೋಗಬಾರದು.

ಮೆರವಣಿಗಿಗೆ ಮುಂಚೆ ಮಂಪರು ಬರಸೋ ಸೂಜಿ ಹಾಕಸೂದೂ ಹಂಗ ಅಪಾಯದ್ದು. ಝೈಲಾಜಿನ್ ಹಾಕಿದ ಕುದುರಿ ತಲಿ ಇಳಬಿಟ್ಟು ನಿಂತಿರ್ತದ, ಮುಟ್ಟಿದ ಕೂಡಲೇ ಒದ್ದಬಿಡ್ತದ, ನಡಿಯೂಮುಂದ ಮುಗ್ಗರಸತದ, ಮ್ಯಾಲೆ ಮದುಮಗ ಕೂತಿರ್ತಾನ. ಏಸ್‌ಪ್ರೊಮಜಿನ್ ಗಂಡು ಕುದುರಿಗಳಾಗ ಶಿಶ್ನ ಹೊರಗ ಬಂದು ಒಳಗ ಹೋಗದಂಗ ಮಾಡಬಹುದು. ಇವು ಡಾಕ್ಟ್ರು ಮುಂದ ನಿಂತು, ಚಿಕಿತ್ಸಾಕ್ಕ ಕೊಡೋ ಔಷಧ.

ಇನ್ನೊಂದು, ಪುಡಿಗೆ ಸಂಬಂಧ ಇಲ್ಲ ಅನಿಸಿದ್ರೂ ಜೀವದ ಪ್ರಶ್ನೆ: ಕೋಳಿ ಫೀಡು, ಮೊನೆನ್ಸಿನ್ ಅನ್ನೋ ಔಷಧ ಹಾಕಿದ ದನದ ಫೀಡು ಕುದುರಿಗೆ ಒಂದು ಬೊಗಸಿನೂ ಹಾಕಬ್ಯಾಡ್ರಿ. ಮೊನೆನ್ಸಿನ್ ಕುದುರಿ ಹೃದಯದ ಸ್ನಾಯು ಹಾಳು ಮಾಡಿ ಕೊಲ್ಲತದ. ಪುಡಿ ಕಲಸೂದು ಆ ಫೀಡಿನ ಬುಟ್ಟ್ಯಾಗೂ ಬ್ಯಾಡ.

[ದೃಶ್ಯ: ಹತ್ತು ಹೆಜ್ಜಿ ದೂರದಾಗ ಒಬ್ಬ ಪ್ಲಾಸ್ಟಿಕ್ ಚೀಲ ಝಾಡಿಸ್ತಾನ. ಪಕ್ಕದಾಗ ಮೊಬೈಲಿನ ಟೈಮರ್.]

ಪುಡಿ ಕೆಲಸ ಮಾಡ್ತೇನು ಅಂತ ನೋಡೂದು ಹೆಂಗ? ಒಂದು ಸಲಕ್ಕ ಒಂದ ಪುಡಿ. ಶುರು ಮಾಡೂಕಿಂತ ಮೊದಲ ಮೂರು ದಿನ, ಒಂದ ಜಾಗ, ಒಂದ ಹೊತ್ತು, ಕುದುರಿ ಮೇವು ತಿನ್ನೂಮುಂದ ಹತ್ತು ಹೆಜ್ಜಿ ದೂರದಿಂದ ಚೀಲ ಮೂರು ಸಲ ಝಾಡಿಸ್ರಿ. ಎಷ್ಟು ಹೆಜ್ಜಿ ಸರೀತು, ಎಷ್ಟು ಸೆಕೆಂಡಿಗೆ ಮತ್ತ ಮೇವಿಗೆ ಬಾಯಿ ಹಾಕಿತು, ಎರಡನ್ನೂ ಬರಕೊಳ್ರಿ. ಆಮೇಲೆ 21 ದಿನ ಪುಡಿ. ಈ ದಿನಗಳಾಗ ಚೀಲ ಬ್ಯಾಡ. ದಿನಾ ಝಾಡಿಸಿದ್ರ ಕುದುರಿಗೆ ರೂಢಿ ಬಿದ್ದು, ಶಾಬಾಸಕಿ ಪುಡಿಗೆ ಹೋಗ್ತದ.

ರೂಢಿ ಮಾಡಸೂದು ಬೇರೆ ಕೆಲಸ, ಪರೀಕ್ಷೆ ಮುಗದಮ್ಯಾಲೆ ಅದನ್ನ ಅಗತ್ಯ ಮಾಡ್ರಿ. ಪಂಢರಪುರ ವಾರಿ ಅಂದ್ರ ಪಾದಯಾತ್ರಿಯಾಗ ಬಾಜೀರಾವ ವಿಹೀರ (ಬಾವಿ) ಹತ್ರ ರಿಂಗಣ, ಅಂದ್ರ ಕುದುರಿಯ ಸುತ್ತೋಟ, ನೋಡಿದವರಿಗೆ ಗೊತ್ತು: ಸುತ್ತ ಕಣ್ಣು ಹಾಯೋತನಕ ವಾರಕರಿಗಳು, ತಾಳ, ಮೃದಂಗ, ನಡುವ ಅಂಕಲಿ ಶಿತೋಳೆ ಮನೆತನದ ಕುದುರಿ ಸುತ್ತ ಹಾಕತದ. ಗದ್ದಲ ಕುದುರಿಗೆ ಕಲಿಸಬಹುದಾದ ಸಂಗತಿ. ಮೇವು ಹಾಕೋ ಹೊತ್ತಿಗೆ ಬ್ಯಾಂಡಿನ ಧ್ವನಿ ಮೊಬೈಲಿನಾಗ ಸಣ್ಣಗ ಹತ್ತು ನಿಮಿಷ ಹಚ್ಚರಿ, ಕುದುರಿ ತಿನ್ನೂದು ನಿಲ್ಲಸಲಿಲ್ಲಂದ್ರ ಮರುದಿನ ಧ್ವನಿ ಒಂದು ಕಡ್ಡಿ ಏರಸ್ರಿ, ನಿಲ್ಲಿಸಿದ್ರ ಎರಡು ಕಡ್ಡಿ ಇಳಸ್ರಿ.

ಈಗ ಪುಡಿ ಪರೀಕ್ಷೆಗೆ ವಾಪಸ್ ಬರೋಣ. 22ನೇ ದಿನದಿಂದ, ಪುಡಿ ಕೊಡ್ತಾನ, ಮತ್ತ ಮೂರು ದಿನ ಚೀಲದ ಪರೀಕ್ಷೆ. ಆಮೇಲೆ ಪುಡಿ ನಿಲ್ಲಿಸಿ, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಪುಡಿ ಇದ್ದಾಗ 20 ಸೆಕೆಂಡ್, ನಿಲ್ಲಿಸಿದಾಗ 60 ಸೆಕೆಂಡ್ ಬಂದ್ರ ಆ ಪುಡಿ ನಿಮ್ಮ ಕುದುರಿಗೆ ಹತ್ಯದ, ಮುಂದುವರಸ್ರಿ. ಎರಡೂ ಕಡೆ ಹೆಚ್ಚುಕಮ್ಮಿ ಅದೇ ಅಂಕಿ ಬಂದ್ರ, ಆ ರೊಕ್ಕದ ಘಾಸ ತಂದು ಹಾಕ್ರಿ.