ಲಿಯಾನ್ ಗೂಸೆನ್ಸ್ ಅವರ ಓಬೊ

ಕೇಳುಗರೆಲ್ಲರಿಗೂ ನಮಸ್ಕಾರ.

ಮದುವೆಮನೆಯಲ್ಲಿ ನಾಗಸ್ವರ ನುಡಿಸುವವರನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು. ವಾದ್ಯ ಮಾರುದ್ದವಿದ್ದರೂ ನಾದ ಹುಟ್ಟುವುದು ತುಟಿಗಳ ನಡುವಿನ ಒಂದು ಪುಟ್ಟ ಜೋಡಿ ರೀಡಿನಲ್ಲಿ. ಪಾಶ್ಚಾತ್ಯ ಸಂಗೀತದ ಓಬೊ ಕೂಡ ಇದೇ ಕುಲದ ವಾದ್ಯ. ಬಿದಿರನ್ನು ಹೋಲುವ ಒಂದು ಬಗೆಯ ಜೊಂಡನ್ನು ಸೀಳಿ, ಚಾಕುವಿನಿಂದ ಹೆರೆದು, ಎರಡು ತೆಳು ಪದರಗಳನ್ನು ದಾರದಿಂದ ಕಟ್ಟಿ ರೀಡ್ ಮಾಡುತ್ತಾರೆ. ನುಡಿಸುವವರಲ್ಲಿ ಹೆಚ್ಚಿನವರು ಇದನ್ನು ತಾವೇ ಮಾಡಿಕೊಳ್ಳುತ್ತಾರೆ. ಗಂಟೆಗಟ್ಟಲೆ ಹೆರೆದ ರೀಡ್ ಕೆಲವು ದಿನಗಳಲ್ಲಿಯೇ ಸೋತುಹೋಗುವುದುಂಟು.

ಅದರ ಕಿಂಡಿ ಎಷ್ಟು ಕಿರಿದೆಂದರೆ, ಓಬೊ ವಾದಕನಿಗೆ ಉಸಿರು ಸಾಲದೆ ಹೋಗುವುದಕ್ಕಿಂತ ಅದು ಖರ್ಚಾಗದೆ ಉಳಿಯುವುದೇ ದೊಡ್ಡ ಕಷ್ಟ. ಹಳೆಯ ಗಾಳಿಯನ್ನು ಹೊರಹಾಕಿದ ಮೇಲೆಯೇ ಹೊಸದನ್ನು ಎಳೆದುಕೊಳ್ಳಬೇಕು. ಸ್ವರಗಳ ನಡುವಿನ ಅರೆಗಳಿಗೆಯಲ್ಲಿ ಎರಡೂ ಆಗಬೇಕು. ಇದನ್ನೆಲ್ಲ ಹಿಡಿತದಲ್ಲಿಡುವುದು ತುಟಿಗಳ ಸ್ನಾಯು.

ಈ ವಾದ್ಯಕ್ಕಾಗಿ ಬದುಕಿದವರು ಇಂಗ್ಲೆಂಡಿನ ಲಿಯಾನ್ ಗೂಸೆನ್ಸ್. ಹುಟ್ಟಿದ್ದು 1897ರಲ್ಲಿ, ಲಿವರ್‌ಪೂಲ್‌ನಲ್ಲಿ. ಮನೆತುಂಬ ಸಂಗೀತ. ಅಣ್ಣ ಯೂಜೀನ್ ವಾದ್ಯವೃಂದದ ನಿರ್ದೇಶಕ, ಇಬ್ಬರು ಸೋದರಿಯರು ಹಾರ್ಪ್ ಎಂಬ ತಂತಿವಾದ್ಯದ ವಾದಕಿಯರು. ಲಿಯಾನ್ ಹದಿಹರೆಯದಲ್ಲಿಯೇ ಲಂಡನ್ನಿನ ಕ್ವೀನ್ಸ್ ಹಾಲ್ ವಾದ್ಯವೃಂದದ ಮುಖ್ಯ ಓಬೊ ವಾದಕರಾದರು.

ಆ ಕಾಲದ ಇಂಗ್ಲೆಂಡಿನಲ್ಲಿ ಓಬೊದ ನಾದ ನೇರವಾಗಿ, ತುಸು ಒರಟಾಗಿ ಇರುತ್ತಿತ್ತು. ಗೂಸೆನ್ಸ್ ಅದಕ್ಕೆ ಮೆಲುವಾದ ಕಂಪನ ಕೊಟ್ಟರು. ಬೆಲ್ಜಿಯಂನ ಓಬೊ ವಾದಕ ಹೆನ್ರಿ ದ ಬುಷೆರ್ ಅವರಿಂದ ಪಡೆದ ಪ್ರೇರಣೆ ಅದು. ಜೊತೆಯವರ ಕುಹಕವನ್ನು ಸಹಿಸಬೇಕಾಯಿತು, ಆದರೂ ಅವರು ಬಿಡಲಿಲ್ಲ. ನನಗೆ ಅವರ ಮೇಲೆ ಗೌರವ ಹುಟ್ಟುವುದು ಇಲ್ಲಿಂದಲೇ. ಕೆಲವು ವರ್ಷಗಳಲ್ಲಿ ಆ ನಾದವೇ ಸಂಗೀತ ರಚನಕಾರರನ್ನು ಸೆಳೆಯತೊಡಗಿತು. ಏಕವಾದನಕ್ಕೆ ಓಬೊ ಒಗ್ಗದು ಎಂದುಕೊಂಡಿದ್ದವರ ನಡುವೆ ರಚನಕಾರರಾದ ಬ್ಯಾಕ್ಸ್ ಮತ್ತು ಬ್ಲಿಸ್ ಇಬ್ಬರೂ ಗೂಸೆನ್ಸ್ ಅವರಿಗಾಗಿ ಕ್ವಿಂಟೆಟ್‌ಗಳನ್ನು, ಅಂದರೆ ಐದು ವಾದ್ಯಗಳ ಕೃತಿಗಳನ್ನು, ಬರೆದರು. 1932ರಲ್ಲಿ ಬೆಂಜಮಿನ್ ಬ್ರಿಟನ್ ಎಂಬ ಹದಿನೆಂಟರ ಹುಡುಗ ಓಬೊ ಮತ್ತು ಮೂರು ತಂತಿವಾದ್ಯಗಳಿಗಾಗಿ 'ಫ್ಯಾಂಟಸಿ' ಎಂಬ ಕೃತಿ ರಚಿಸಿ ಅವರಿಗೇ ಅರ್ಪಿಸಿದ. ಮರುವರ್ಷ ಅದು ಮೊದಲು ಕೇಳಿಬಂದದ್ದು ಬಿಬಿಸಿ ಬಾನುಲಿಯಲ್ಲಿ. ಕೃತಿ ತೊಡಗುವುದು ಸೆಲ್ಲೊದ ಪಿಸುಮಾತಿನಂಥ ಹೆಜ್ಜೆಗಳಿಂದ. ವಿಯೋಲಾ, ವಯೊಲಿನ್ ಒಂದೊಂದಾಗಿ ಸೇರುತ್ತವೆ, ಆಮೇಲಷ್ಟೇ ಓಬೊ. ನಾಲ್ವರೇ ಕುಳಿತು ನುಡಿಸುವ ಇಂಥ ಗೋಷ್ಠಿಯಲ್ಲಿ ಮರೆಯಾಗಲು ಜಾಗವಿಲ್ಲ. ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳಿಸಿಕೊಂಡೇ ಮುಂದೆ ಸಾಗಬೇಕು.

1944ರಲ್ಲಿ ರಚನಕಾರ ವಾನ್ ವಿಲಿಯಮ್ಸ್ ಗೂಸೆನ್ಸ್ ಅವರಿಗಾಗಿ ಒಂದು ಕಾನ್ಸರ್ಟೊ, ಅಂದರೆ ಓಬೊ ಮುಂದಾಗಿ ವಾದ್ಯವೃಂದದೊಡನೆ ನುಡಿಸುವ ಕೃತಿ, ಬರೆದರು. ಲಂಡನ್ನಿನಲ್ಲಿ ಆಗಬೇಕಿದ್ದ ಮೊದಲ ಪ್ರಯೋಗ ಜರ್ಮನಿಯ ಹಾರುಬಾಂಬುಗಳಿಂದಾಗಿ ತಪ್ಪಿತು. ಸೆಪ್ಟೆಂಬರ್ 30ರಂದು ಗೂಸೆನ್ಸ್ ಅದನ್ನು ನುಡಿಸಿದ್ದು ತಾವು ಹುಟ್ಟಿದ ಊರಿನಲ್ಲಿಯೇ.

1962ರಲ್ಲಿ ಕಾರು ಅಪಘಾತವಾಯಿತು. ಹಲ್ಲುಗಳು, ತುಟಿಗಳು ಜಜ್ಜಿಹೋದವು. ವಯಸ್ಸು 65ರ ಆಸುಪಾಸು. ಪಿಯಾನೊ ವಾದಕನ ಕೈ ಹೋದಂತೆಯೇ ಇದೂ. ಅರ್ಧ ಶತಮಾನ ರೀಡನ್ನು ಹಿಡಿದ ಸ್ನಾಯುಗಳಿಗೆ ಇನ್ನು ಹಿಂದಿನ ಹಿಡಿತವಿರಲಿಲ್ಲ. ಶಸ್ತ್ರಚಿಕಿತ್ಸೆಗಳ ನಂತರ ಅವರು ವಾದ್ಯವನ್ನು ಮತ್ತೆ ತುಟಿಗಿಟ್ಟರು. ಗಾಯದ ಬಾಯಿಗೆ ಒಗ್ಗುವ ಬೇರೆಯೇ ಹಿಡಿತವನ್ನು ವರ್ಷಗಟ್ಟಲೆ ಹುಡುಕಿದರು. ಕಲಿಯುವ ಹುಡುಗನಂತೆ ಒಂದೊಂದು ಸ್ವರವನ್ನೂ ನಿಲ್ಲಿಸಿ ಸಾಧಿಸಿದರು.

ಹಾಗೆ ಮತ್ತೆ ವೇದಿಕೆಗೆ ಬಂದರು. 1970ರ ದಶಕದಲ್ಲಿಯೂ ನುಡಿಸುತ್ತಿದ್ದರು. ಕೈಯಲ್ಲಿದ್ದದ್ದು ಪ್ಯಾರಿಸ್ಸಿನ ಲೋರೆ ಕಾರ್ಖಾನೆಯಲ್ಲಿ 1907ರಲ್ಲಿ ತಯಾರಾದ, ತರುಣನಾಗಿದ್ದಾಗಿನಿಂದ ನುಡಿಸುತ್ತ ಬಂದಿದ್ದ ಅದೇ ಓಬೊ.

ನಮಸ್ಕಾರ.